ಬಸ್ಸು ಒಂದೇ ವೇಗದಲ್ಲಿ ಓಡುವಾಗ ಬಲ ಸೊನ್ನೆ ಹೇಗೆ? ಮಗಳ ಪ್ರಶ್ನೆ

ಸಾಗರದವನು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಬಲ ಮತ್ತು ಚಲನೆಯ ನಿಯಮಗಳ ಪಾಠ ನಡೆಯುತ್ತಿದೆ. ಮೊನ್ನೆ ನಾವಿಬ್ಬರೂ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ರಸ್ತೆ ಖಾಲಿ, ಬಸ್ಸು ಒಂದೇ ಹದದಲ್ಲಿ ಓಡುತ್ತಿತ್ತು. ಅವಳು ಮುಂದಿನ ಸೀಟಿನಲ್ಲಿ ಕೂತು ಡ್ರೈವರ್ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಅಪ್ಪಾ, ವೇಗ ಬದಲಾಗದಿದ್ದರೆ ಒಟ್ಟು ಬಲ ಸೊನ್ನೆ ಅಂತ ಪುಸ್ತಕದಲ್ಲಿದೆ. ಆದ್ರೆ ಅವರು ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದಾರೆ. ಕಾಲು ತೆಗೆದರೆ ಬಸ್ಸು ನಿಧಾನ ಆಗುತ್ತೆ. ಮತ್ತೆ ಬಲ ಸೊನ್ನೆ ಹೇಗೆ?"

ನಾನು ಕಾಮರ್ಸ್ ಓದಿದವನು. ಉತ್ತರ ಹೊಳೆಯಲಿಲ್ಲ.

ಇನ್ನೊಂದು ಗೊಂದಲವೂ ಇದೆ. ಟೆಸ್ಟಿನಲ್ಲಿ "ಮೇಜಿನ ಮೇಲಿನ ಪುಸ್ತಕದ ತೂಕ ಕ್ರಿಯೆ, ಮೇಜು ಮೇಲಕ್ಕೆ ಒತ್ತುವುದು ಪ್ರತಿಕ್ರಿಯೆ" ಅಂತ ಬರೆದಿದ್ದಳು. ಸರಿ ಅಂತ ಅಂಕ ಸಿಕ್ಕಿದೆ. ಅದೇ ಉತ್ತರ ತಪ್ಪು ಅಂತ ಅವಳ ಅಣ್ಣ ಹೇಳುತ್ತಾನೆ. ಯಾವುದು ನಿಜ? ತಿಳಿದವರು ಅವಳಿಗೆ ಅರ್ಥ ಆಗುವ ಹಾಗೆ ಹೇಳಿದರೆ ಉಪಕಾರ. ಓದಿ ತೋರಿಸುತ್ತೇನೆ.

ಹಳೇ ಮೇಷ್ಟ್ರು · ಭಾನುವಾರ ರಾತ್ರಿ

ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಈ ಪಾಠದಲ್ಲಿ ಡ್ರೈವರ್ ಕಾಲು ನೋಡಿ ಪ್ರಶ್ನೆ ಕೇಳಿದ ಮಕ್ಕಳು ತುಂಬಾ ಕಡಿಮೆ.

ಇವತ್ತು ಬಸ್ಸಿನದ್ದು ಮಾತ್ರ ಹೇಳುತ್ತೇನೆ. "ಒಟ್ಟು ಬಲ ಸೊನ್ನೆ" ಅಂದರೆ "ಬಲವೇ ಇಲ್ಲ" ಅಂತ ಅರ್ಥ ಮಾಡಿಕೊಂಡರೆ ಅಲ್ಲೇ ದಾರಿ ತಪ್ಪುತ್ತದೆ. ಓಡುವ ಬಸ್ಸಿನ ಮೇಲೆ ಬಲಗಳು ಇವೆ. ಎಂಜಿನ್ ಚಕ್ರ ತಿರುಗಿಸುತ್ತದೆ, ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಚಕ್ರವನ್ನು ಮುಂದಕ್ಕೆ ಒತ್ತುತ್ತದೆ. ಇದು ಮುಂದಿನ ಕಡೆಯದು. ಗಾಳಿ ಎದುರಿನಿಂದ ತಡೆಯುತ್ತದೆ, ಟೈರು ಉರುಳುವಾಗ ಒಂದಿಷ್ಟು ತಡೆ ಇರುತ್ತದೆ. ಇವು ಹಿಂದಿನ ಕಡೆಯವು. ಎರಡೂ ಕಡೆ ಸಮ ಆದಾಗ ಒಟ್ಟು ಸೊನ್ನೆ. ಆಗ ಬಸ್ಸು ಯಾವ ವೇಗದಲ್ಲಿ ಇತ್ತೋ ಅದೇ ವೇಗದಲ್ಲಿ ಹೋಗುತ್ತದೆ.

ಕಾಲು ತೆಗೆದರೆ ಮುಂದಿನ ಬಲ ಹೋಯಿತು, ಹಿಂದಿನದು ಉಳಿಯಿತು. ಹಾಗಾಗಿ ನಿಧಾನ ಆಗುತ್ತದೆ. ಡ್ರೈವರ್ ಆಕ್ಸಿಲರೇಟರ್ ಒತ್ತಿಕೊಂಡಿರುವುದು ಗಾಳಿ ಮತ್ತು ರಸ್ತೆ ಕಿತ್ತುಕೊಳ್ಳುವುದನ್ನು ತುಂಬಿ ಕೊಡುವುದಕ್ಕೆ. ವೇಗ ಉಳಿಸಿಕೊಳ್ಳುವ ಕೆಲಸವನ್ನು ಬಸ್ಸು ತಾನೇ ಮಾಡಿಕೊಳ್ಳುತ್ತದೆ. ಅದೇ ಜಡತ್ವ.

ಲಾರಿ ಲೈನು · ಭಾನುವಾರ ರಾತ್ರಿ

ಮೇಷ್ಟ್ರು ಹೇಳಿದ್ದು ಸ್ಟಿಯರಿಂಗ್ ಹಿಡಿದವರಿಗೆ ಕಾಲಿಗೇ ಗೊತ್ತಾಗುತ್ತದೆ. ಹೈವೇನಲ್ಲಿ 60ರಲ್ಲಿ ಒಂದೇ ಸಮ ಹೋಗುವಾಗ ಒತ್ತುವುದಕ್ಕೂ 80ರಲ್ಲಿ ಒಂದೇ ಸಮ ಹೋಗುವಾಗ ಒತ್ತುವುದಕ್ಕೂ ವ್ಯತ್ಯಾಸ ಇದೆ. ಎರಡರಲ್ಲೂ ವೇಗ ಏರುತ್ತಿಲ್ಲ. ಆದ್ರೂ 80ಕ್ಕೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಯಾಕೆ ಅಂತ ಇವತ್ತು ಗೊತ್ತಾಯಿತು, ಗಾಳಿ ಜಾಸ್ತಿ ತಡೆಯುತ್ತದೆ ಅಲ್ವಾ?

ಹಳೇ ಮೇಷ್ಟ್ರು · ಭಾನುವಾರ ರಾತ್ರಿ

ಸರಿಯಾಗಿ ಹೇಳಿದಿರಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 60ರಿಂದ 80ಕ್ಕೆ ಹೋದರೆ ವೇಗ ಮೂರನೇ ಒಂದು ಭಾಗದಷ್ಟು ಏರಿತು, ಗಾಳಿಯ ತಡೆ ಹೆಚ್ಚುಕಡಿಮೆ 1.8 ಪಟ್ಟು ಆಯಿತು.

ಪಿಯು ಹುಡುಗ · ಸೋಮವಾರ ಬೆಳಿಗ್ಗೆ

ಸರ್, ನಾನು ಸೆಕೆಂಡ್ ಪಿಯುಸಿ. ತಡೆಯೇ ಇಲ್ಲದ ಜಾಗದ ಉದಾಹರಣೆ ಕೊಡಬಹುದಾ? ವಾಯೇಜರ್ 1 ನೌಕೆಯನ್ನು 1977ರಲ್ಲಿ ಹಾರಿಸಿದರು. ಈಗ ಅದು ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದೆ. ಅದನ್ನು ಯಾವ ಎಂಜಿನ್ನೂ ತಳ್ಳುತ್ತಿಲ್ಲ. ಸೂರ್ಯನ ಎಳೆತ ಅಷ್ಟು ದೂರದಲ್ಲಿ ತೀರಾ ಕಡಿಮೆ. ಹಾಗಾಗಿ ವೇಗ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಪುಟ್ಟ ತಂಗಿಗೆ ಇದನ್ನು ಹೇಳಿ ಅಣ್ಣಾ.

ಸಾಗರದವನು · ಸೋಮವಾರ ಬೆಳಿಗ್ಗೆ

ಹೇಳಿದೆ. ಕಣ್ಣರಳಿಸಿ ಕೇಳಿದಳು. ಆದರೆ ಅವಳ ಮಾತು ಇನ್ನೊಂದು ಇದೆ: "ಜಡತ್ವ ಅಂದ್ರೆ ಸೋಮಾರಿತನ ಅಲ್ವಾ? ಓಡುತ್ತಿರುವ ವಸ್ತುವಿಗೆ ಎಂಥ ಸೋಮಾರಿತನ?"

ಹಳೇ ಮೇಷ್ಟ್ರು · ಸೋಮವಾರ ಸಂಜೆ

ಈ ಮಾತಿಗೆ ಸ್ವಲ್ಪ ಉದ್ದ ಬರೆಯುತ್ತೇನೆ, ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇದ್ದದ್ದು.

ನಮ್ಮ ಭಾಷೆಯಲ್ಲಿ ಜಡ ಅಂದರೆ ಅಲುಗಾಡದ್ದು. ಮಳೆಗಾಲದಲ್ಲಿ ಮೈ ಜಡ ಆಯಿತು ಅನ್ನುತ್ತೇವೆ. ಹಾಗಾಗಿ ಜಡತ್ವ ಎಂದಕೂಡಲೇ ಮಕ್ಕಳ ಕಣ್ಣಿಗೆ ಬಂಡೆ ಬರುತ್ತದೆ. ಉರುಳುವ ಬಂಡೆ ಬರುವುದಿಲ್ಲ. ಒಟ್ಟು ಬಲ ಸೊನ್ನೆ ಆಗಿರುವುದಕ್ಕೆ ಹೇಳುವ ಸಮತೋಲನ ಅನ್ನುವ ಪದವೂ ಹಾಗೇ. ಅದನ್ನು ಕೇಳಿದರೆ ಅಂಗಡಿಯ ತಕ್ಕಡಿ, ಮುಳ್ಳು ಅಲ್ಲಾಡದೆ ನಿಂತದ್ದು ಕಾಣುತ್ತದೆ. ಎರಡು ಪದವೂ ಮನಸ್ಸನ್ನು ನಿಂತ ವಸ್ತುವಿನ ಕಡೆಗೇ ಎಳೆಯುತ್ತವೆ. ನ್ಯೂಟನ್ 1687ರಲ್ಲಿ ಬರೆದ ಮೊದಲ ನಿಯಮದಲ್ಲಿ ನಿಂತ ವಸ್ತುವಿಗೂ ಒಂದೇ ವೇಗದಲ್ಲಿ ನೇರ ಹೋಗುವ ವಸ್ತುವಿಗೂ ಭೇದವೇ ಇಲ್ಲ. ಇಬ್ಬರಿಗೂ ಒಂದೇ ಸಾಲು: ಹೊರಗಿನ ಬಲ ಬದಲಿಸುವ ತನಕ ಇದ್ದ ಹಾಗೇ ಇರುತ್ತದೆ.

ಅದಕ್ಕೂ ಮುಂಚೆ ಇಟಲಿಯ ಗೆಲಿಲಿಯೊ ಇದನ್ನು ಇಳಿಜಾರಿನ ಮೇಲೆ ಯೋಚಿಸಿದ. ಗುಂಡು ಒಂದು ಇಳಿಜಾರಿನಲ್ಲಿ ಇಳಿದು ಎದುರಿನ ಏರು ಹತ್ತುತ್ತದೆ. ಘರ್ಷಣೆ ಕಡಿಮೆ ಇದ್ದಷ್ಟೂ ಇಳಿದ ಎತ್ತರದ ಹತ್ತಿರಕ್ಕೇ ಹತ್ತುತ್ತದೆ. ಎದುರಿನ ಏರನ್ನು ಸ್ವಲ್ಪ ತಗ್ಗಿಸಿ. ಅದೇ ಎತ್ತರ ಮುಟ್ಟಲು ಗುಂಡು ಇನ್ನೂ ದೂರ ಹೋಗಬೇಕು. ಇನ್ನೂ ತಗ್ಗಿಸಿ, ಇನ್ನೂ ದೂರ. ಪೂರ್ತಿ ಮಟ್ಟ ಮಾಡಿದರೆ? ಎತ್ತರ ಸಿಗುವುದೇ ಇಲ್ಲ, ಗುಂಡು ನಿಲ್ಲುವುದಕ್ಕೆ ಕಾರಣವೂ ಇಲ್ಲ. ಅಲ್ಲಿಯ ತನಕ ಸುಮಾರು ಎರಡು ಸಾವಿರ ವರ್ಷ ಅರಿಸ್ಟಾಟಲನ ಮಾತು ನಡೆದಿತ್ತು: ಚಲಿಸಬೇಕಾದರೆ ಯಾರಾದರೂ ತಳ್ಳುತ್ತಲೇ ಇರಬೇಕು. ನಿಮ್ಮ ಮಗಳ ಅನುಮಾನವೂ ಅದೇ. ಅಷ್ಟು ದೊಡ್ಡ ತಲೆಗಳು ಅಷ್ಟು ಕಾಲ ಸಿಕ್ಕಿಕೊಂಡಿದ್ದ ಜಾಗ ಅದು. ಹಾಗಾಗಿ ಅವಳು ಬೇಸರ ಮಾಡಿಕೊಳ್ಳುವುದು ಬೇಡ.

ನಿಮ್ಮ ಊರಿನ ಉದಾಹರಣೆ ಬೇಕೆಂದರೆ ಮಳೆ ನೋಡಿ. ಒಂದು ಕಿ.ಮೀ. ಎತ್ತರದ ಮೋಡದಿಂದ ಬಿದ್ದ ಹನಿ, ಗಾಳಿಯೇ ಇಲ್ಲದಿದ್ದರೆ, ನೆಲ ಮುಟ್ಟುವಾಗ ಗಂಟೆಗೆ 500 ಕಿ.ಮೀ. ವೇಗದಲ್ಲಿರುತ್ತಿತ್ತು. ಸಾಗರದಲ್ಲಿ ಒಂದು ಹೆಂಚೂ ಉಳಿಯುತ್ತಿರಲಿಲ್ಲ. ನಿಜವಾಗಿ ದಪ್ಪ ಹನಿ ಕೂಡ ಸೆಕೆಂಡಿಗೆ 9 ಮೀಟರ್ ಆಸುಪಾಸಿನಲ್ಲೇ ಬೀಳುತ್ತದೆ. ಹನಿ ವೇಗ ಏರಿಸಿಕೊಂಡ ಹಾಗೆ ಗಾಳಿಯ ತಡೆ ಏರುತ್ತದೆ. ತಡೆ ಹನಿಯ ತೂಕಕ್ಕೆ ಸಮ ಆದ ಕ್ಷಣದಿಂದ ವೇಗ ಏರುವುದಿಲ್ಲ. ಆಮೇಲೆ ಅದು ಸಮತೋಲನದಲ್ಲೇ ಬೀಳುತ್ತದೆ. ಬೀಳುತ್ತಾ ಇರುವ ಸಮತೋಲನ. ಮಗಳಿಗೆ ಈ ಮಾತನ್ನು ಜಗುಲಿಯಲ್ಲಿ ಕೂರಿಸಿ, ಮಳೆ ಬರುವಾಗ ಹೇಳಿ.

ಅಡಿಕೆ ಅಂಗಳ · ಸೋಮವಾರ ರಾತ್ರಿ

ಮೇಷ್ಟ್ರೇ, ನಿಮ್ಮ ಮಳೆ ಹನಿ ಓದಿ ತುಂಬಾ ಖುಷಿಯಾಯಿತು. ಮಳೆ ಅಂದಾಗ ನನಗೆ ಬಟ್ಟೆ ಒಣಗಿಸುವ ಕಷ್ಟವೇ ನೆನಪು! ಪಡಸಾಲೆಯಲ್ಲಿ ತಂತಿ ಕಟ್ಟಿದ್ದೇವೆ. ಒದ್ದೆ ಬೆಡ್‌ಶೀಟ್ ಹಾಕಿದರೆ ಜೋಲುತ್ತದೆ ಅಂತ ನಮ್ಮವರು ಬಿಗಿಯಾಗಿ ಎಳೆದು ಕಟ್ಟಿದರು. ಎರಡೇ ದಿನಕ್ಕೆ ಗೋಡೆಯ ಕೊಕ್ಕೆ ಕಿತ್ತು ಬಂತು. ಜೋಲುವಾಗ ವರ್ಷಗಟ್ಟಲೆ ತಡೆದ ಕೊಕ್ಕೆ ಬಿಗಿ ಮಾಡಿದಾಗ ಯಾಕೆ ಕಿತ್ತಿತು? ಬಟ್ಟೆ ಅಷ್ಟೇ ಇತ್ತು.

ಕಟ್ಟಡ ಕೆಲಸ · ಸೋಮವಾರ ರಾತ್ರಿ

ಅಕ್ಕ, ಇದು ನನ್ನ ಕ್ಷೇತ್ರ. ಸಿವಿಲ್ ಇಂಜಿನಿಯರ್ ನಾನು. ಇದಕ್ಕೆ ಉತ್ತರ ಕೊಡುವುದೇ ಒಂದು ಸಂತೋಷ.

ಬಟ್ಟೆ ಕೆಳಕ್ಕೆ ಎಳೆಯುತ್ತದೆ. ತಂತಿ ಅದನ್ನು ಎತ್ತಿ ಹಿಡಿಯಬೇಕು. ಆದರೆ ತಂತಿ ತನ್ನ ಉದ್ದಕ್ಕೇ ಎಳೆಯಬಲ್ಲದು, ಬೇರೆ ದಿಕ್ಕಿಗೆ ಆಗುವುದಿಲ್ಲ. ತಂತಿ ಜೋತುಬಿದ್ದಿದ್ದರೆ ಅದರ ಎಳೆತದಲ್ಲಿ ದೊಡ್ಡ ಪಾಲು ಮೇಲ್ಮುಖವಾಗಿ ಸಿಗುತ್ತದೆ. ಬಿಗಿ ಮಾಡಿದರೆ ತಂತಿ ಅಡ್ಡಡ್ಡ ಆಯಿತು. ಅದರ ಎಳೆತದಲ್ಲಿ ಮೇಲಕ್ಕೆ ಸಿಗುವ ಪಾಲು ಚಿಕ್ಕದು. ಅಷ್ಟು ಚಿಕ್ಕ ಪಾಲಿನಿಂದಲೇ ಬಟ್ಟೆ ಎತ್ತಬೇಕಾದರೆ ಒಟ್ಟು ಎಳೆತ ಭಾರಿ ಇರಬೇಕು.

ಲೆಕ್ಕ ಹಾಕೋಣ. ತಂತಿ 4 ಮೀಟರ್, ಮಧ್ಯದಲ್ಲಿ 6 ಕೆ.ಜಿ. ಒದ್ದೆ ಬಟ್ಟೆ. ನಡುವೆ 40 ಸೆಂ.ಮೀ. ಜೋತರೆ ಪ್ರತಿ ಕೊಕ್ಕೆಯ ಮೇಲೆ ಸುಮಾರು 15 ಕೆ.ಜಿ. ಎಳೆತ. ಜೋಲು 10 ಸೆಂ.ಮೀ.ಗೆ ಇಳಿಸಿದರೆ 60 ಕೆ.ಜಿ. 5 ಸೆಂ.ಮೀ.ಗೆ ಇಳಿಸಿದರೆ 120 ಕೆ.ಜಿ. 6 ಕೆ.ಜಿ. ಬಟ್ಟೆಗೆ 120 ಕೆ.ಜಿ. ಎಳೆತ! ಪೂರ್ತಿ ನೇರ ಮಾಡುತ್ತೇನೆ ಅಂದರೆ ಅದಕ್ಕೆ ಲೆಕ್ಕವೇ ಸಾಲದು. ಯಾರಿಂದಲೂ ಆಗುವುದಿಲ್ಲ. ಕರೆಂಟ್ ಕಂಬಗಳ ನಡುವೆ ತಂತಿ ಜೋತಿರುವುದನ್ನು ನೋಡಿರುತ್ತೀರಿ. ಬೇಕೆಂದೇ ಹಾಗೆ ಬಿಡುತ್ತಾರೆ. ಒಂದು ಕಾರಣ ಇದು, ಇನ್ನೊಂದು ಕಾರಣ ಚಳಿಯಲ್ಲಿ ತಂತಿ ಕುಗ್ಗಿ ಬಿಗಿಯಾಗುವುದು.

ಮತ್ತೆ ಕಟ್ಟುವಾಗ ಒಂದು ಮೊಳ ಜೋಲಲಿ ಅಕ್ಕ.

ಅಡಿಕೆ ಅಂಗಳ · ಸೋಮವಾರ ರಾತ್ರಿ

ನಮ್ಮವರಿಗೆ ಓದಿ ಹೇಳಿದೆ. ನಾಳೆಯೇ ಸಡಿಲ ಮಾಡಿ ಕಟ್ಟುತ್ತಾರಂತೆ. ಎಷ್ಟು ಚೆನ್ನಾಗಿ ಹೇಳಿದಿರಿ ಅಕ್ಕ.

ಮದ್ದೂರಿನ ರೈತ · ಮಂಗಳವಾರ ಬೆಳಿಗ್ಗೆ

ಎತ್ತಿನ ಗಾಡಿ ಹೂಡುವವರಿಗೂ ಇದು ಗೊತ್ತಿರುವ ವಿಷಯ. ಕಬ್ಬು ತುಂಬುವಾಗ ನಮ್ಮಪ್ಪ ಒಂದು ಮಾತು ಹೇಳುತ್ತಿದ್ದರು, ಗಾಡಿ ಮುಂಭಾರವೂ ಆಗಬಾರದು, ಹಿಂಭಾರವೂ ಆಗಬಾರದು. ಮುಂಭಾರ ಆದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹಿಂಭಾರ ಆದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಒತ್ತುತ್ತದೆ. ಏರು ಹತ್ತುವಾಗ ಹಿಂಭಾರ ಆದರೆ ತುಂಬಾ ಅಪಾಯ. ಇದಕ್ಕೂ ಲೆಕ್ಕ ಇದೆಯಾ?

ಕಟ್ಟಡ ಕೆಲಸ · ಮಂಗಳವಾರ ಮಧ್ಯಾಹ್ನ

ಇದೆ ಅಣ್ಣಾ. ಇಲ್ಲಿಯವರೆಗೆ ಬಲಗಳು ಸಮ ಆಗುವುದನ್ನು ಮಾತ್ರ ನೋಡಿದೆವು. ಪೂರ್ತಿ ಸಮತೋಲನಕ್ಕೆ ಅದು ಸಾಲದು, ತಿರುಗಿಸುವ ಪ್ರಭಾವವೂ ಸಮ ಆಗಬೇಕು. ಭಾರ ಎಷ್ಟು ಅನ್ನುವುದರ ಜೊತೆ ಅಚ್ಚಿನಿಂದ ಎಷ್ಟು ದೂರ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎರಡನ್ನೂ ಗುಣಿಸಬೇಕು.

800 ಕೆ.ಜಿ. ಕಬ್ಬು ಅಂದುಕೊಳ್ಳಿ. ಅದರ ಭಾರದ ನಡು ಅಚ್ಚಿನಿಂದ 10 ಸೆಂ.ಮೀ. ಮುಂದಿದೆ. ಅಚ್ಚಿನಿಂದ ನೊಗಕ್ಕೆ ಎರಡೂವರೆ ಮೀಟರ್. ಆಗ ನೊಗದ ಮೇಲೆ 32 ಕೆ.ಜಿ. ಬೀಳುತ್ತದೆ. ಎರಡು ಎತ್ತು ಹಂಚಿಕೊಳ್ಳುತ್ತವೆ, ತೊಂದರೆ ಇಲ್ಲ. 40 ಸೆಂ.ಮೀ. ಮುಂದಾದರೆ 128 ಕೆ.ಜಿ. ಅಚ್ಚಿನ ಹಿಂದಕ್ಕೆ ಹೋದರೆ ಅಷ್ಟೇ ಲೆಕ್ಕ ಮೇಲ್ಮುಖವಾಗಿ, ಎತ್ತಿನ ಗಂಟಲಿಗೆ. ಏರಿನಲ್ಲಿ ಇಡೀ ಗಾಡಿ ಹಿಂದಕ್ಕೆ ಓರೆಯಾಗುತ್ತದೆ. ಎತ್ತರಕ್ಕೆ ಪೇರಿಸಿದ ಕಬ್ಬಿನ ಭಾರದ ನಡು ತಾನಾಗಿ ಅಚ್ಚಿನ ಹಿಂದಕ್ಕೆ ಸರಿಯುತ್ತದೆ. ನಿಮ್ಮಪ್ಪ ಹೇಳಿದ ಅಪಾಯ ಅದೇ.

ಪಿಯು ಹುಡುಗ · ಮಂಗಳವಾರ ಸಂಜೆ

ಅಕ್ಕ, ಹಾಗಾದರೆ ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ ಇರುವ ಕಂಬ? ಸುಮಾರು 42 ಅಡಿ, ಅಡಿಪಾಯವಿಲ್ಲದೆ ಜಗತಿಯ (ಕಲ್ಲಿನ ಕಟ್ಟೆ) ಮೇಲೆ ಸುಮ್ನೆ ನಿಂತಿದೆ. ಗುರುತ್ವವನ್ನೇ ಮೀರಿ ನಿಂತಿದೆ ಅಂತ ನಮಗೆ ಟೂರಿನಲ್ಲಿ ಹೇಳಿದರು.

ಕಟ್ಟಡ ಕೆಲಸ · ಮಂಗಳವಾರ ಸಂಜೆ

ತಮ್ಮಾ, ಆ ಕಂಬದ ಮುಂದೆ ನಾನು ಒಂದು ಗಂಟೆ ನಿಂತಿದ್ದೇನೆ. ಅದನ್ನು ನಿಲ್ಲಿಸಿರುವುದೇ ಗುರುತ್ವ. ಕಂಬದ ಭಾರದ ನಡುವಿನಿಂದ ಕೆಳಕ್ಕೆ ಒಂದು ತೂಗುದಾರ ಬಿಟ್ಟ ಹಾಗೆ ಕಲ್ಪಿಸಿಕೊ. ಆ ದಾರ ಕಂಬದ ಬುಡದೊಳಗೇ ಬೀಳುವ ತನಕ ಕಂಬ ಬೀಳುವುದಿಲ್ಲ. ಗಾಳಿ ಸ್ವಲ್ಪ ಓರೆ ಮಾಡಲು ನೋಡಿದರೂ ಅದರ ತೂಕವೇ ವಾಪಸ್ಸು ಕೂರಿಸುತ್ತದೆ. ಭಾರ ಜಾಸ್ತಿ ಇದ್ದಷ್ಟೂ ವಾಪಸ್ಸು ಎಳೆಯುವುದೂ ಜಾಸ್ತಿ. ಅಡಿಭಾಗವನ್ನು ಅಷ್ಟು ಮಟ್ಟವಾಗಿ, ಕಂಬವನ್ನು ಅಷ್ಟು ನೆಟ್ಟಗೆ ಕೆತ್ತಿ, ಯಂತ್ರ ಇಲ್ಲದ ಕಾಲದಲ್ಲಿ ಎತ್ತಿ ನಿಲ್ಲಿಸಿದರಲ್ಲ, ಆ ಕೈಗಳಿಗೆ ನಾನು ಕೈ ಮುಗಿಯುತ್ತೇನೆ. "ಗುರುತ್ವ ಮೀರಿದೆ" ಅಂದರೆ ಆ ಶಿಲ್ಪಿಗಳ ಲೆಕ್ಕಕ್ಕೆ ಅನ್ಯಾಯ ಮಾಡಿದ ಹಾಗೆ ಅಂತ ನನಗೆ ಅನ್ನಿಸುತ್ತದೆ. ಅವರು ಗುರುತ್ವವನ್ನು ಚೆನ್ನಾಗಿ ಬಲ್ಲವರು.

ಹಂಪಿಯಲ್ಲಿ ಬಂಡೆ ಮೇಲೆ ಬಂಡೆ ಕೂತಿರುವುದೂ ಇದೇ ತೂಗುದಾರದ ಲೆಕ್ಕ. ಸೊಂಟದ ಮೇಲೆ ಬಿಂದಿಗೆ ಹೊತ್ತವರು ಇನ್ನೊಂದು ಕಡೆಗೆ ವಾಲಿ ನಡೆಯುವುದೂ ಇದೇ.

ಲಾರಿ ಲೈನು · ಮಂಗಳವಾರ ರಾತ್ರಿ

ನನ್ನದೊಂದು ನೋವಿನ ಅನುಭವ ಹೇಳುತ್ತೇನೆ. ಕಬ್ಬಿಣದ ಸರಳು ತುಂಬಿದ ಲಾರಿ ನಮ್ಮ ಮುಂದೆ ಹೋಗುತ್ತಿತ್ತು. ಸರಿಯಾಗಿ ಕಟ್ಟಿರಲಿಲ್ಲ. ಅಡ್ಡ ಏನೋ ಬಂತು, ಡ್ರೈವರ್ ಬ್ರೇಕ್ ಹೊಡೆದ. ಸರಳುಗಳು ಕ್ಯಾಬಿನ್ ಒಡೆದು ಒಳಗೆ ಬಂದವು. ಡ್ರೈವರ್ ಉಳಿಯಲಿಲ್ಲ. ಆವತ್ತಿನಿಂದ ನಾನು ಲೋಡ್ ಹಗ್ಗವನ್ನು ನನ್ನ ಕೈಯಿಂದಲೇ ನೋಡದೆ ಗಾಡಿ ಎತ್ತಿಲ್ಲ. ಬ್ರೇಕ್ ಹೊಡೆದಾಗ ಸರಳನ್ನು ಅಷ್ಟು ಜೋರಾಗಿ ಮುಂದಕ್ಕೆ ತಳ್ಳುವುದು ಏನು ಮೇಷ್ಟ್ರೇ?

ಹಳೇ ಮೇಷ್ಟ್ರು · ಮಂಗಳವಾರ ರಾತ್ರಿ

ಓದಿ ಮನಸ್ಸು ಭಾರವಾಯಿತು. ನಿಮ್ಮ ಎಚ್ಚರ ಎಲ್ಲರಿಗೂ ಬರಲಿ.

ಸರಳನ್ನು ಮುಂದಕ್ಕೆ ಯಾವುದೂ ತಳ್ಳಲಿಲ್ಲ. ಅದು ಮೊದಲೇ ಲಾರಿಯ ವೇಗದಲ್ಲಿ ಹೋಗುತ್ತಿತ್ತು. ಬ್ರೇಕ್ ನಿಧಾನ ಮಾಡಿದ್ದು ಲಾರಿಯನ್ನು. ಸರಳನ್ನೂ ನಿಧಾನ ಮಾಡಬೇಕಾದರೆ ಅದನ್ನು ಯಾವುದೋ ಒಂದು ಹಿಂದಕ್ಕೆ ಹಿಡಿಯಬೇಕಿತ್ತು, ಹಗ್ಗವೋ ತಡೆಗಂಬವೋ. ಹಿಡಿಯುವುದು ಇರಲಿಲ್ಲ. ಸರಳು ತನ್ನ ವೇಗದಲ್ಲೇ ಮುಂದುವರಿಯಿತು, ಕ್ಯಾಬಿನ್ ಅದರ ದಾರಿಯಲ್ಲಿ ಬಂತು. ಹಾಗಾಗಿ ಹಗ್ಗ ಬಿಗಿಯುವಾಗ "ಲೋಡ್ ಬೀಳದಿರಲಿ" ಅಂತ ಮಾತ್ರ ಯೋಚಿಸಿದರೆ ಸಾಲದು. "ನಾನು ನಿಂತಾಗ ಇದನ್ನೂ ನಿಲ್ಲಿಸುವವರು ಯಾರು?" ಅಂತ ಕೇಳಬೇಕು. ಕಾರಿನ ಸೀಟ್ ಬೆಲ್ಟೂ ಅದೇ ಕೆಲಸದ್ದು.

ಪಿಯು ಹುಡುಗ · ಮಂಗಳವಾರ ರಾತ್ರಿ

ಸರ್, ಕ್ಷಮಿಸಿ, ಒಂದು ಸಂದೇಹ. ನಮ್ಮ ಪುಸ್ತಕದಲ್ಲಿ ಹುಸಿ ಬಲ ಅಂತ ಇದೆ. ಬಸ್ಸಿನೊಳಗೆ ಕೂತು ನೋಡಿದರೆ ಮುಂದಕ್ಕೆ ಒಂದು ಬಲ ಇದೆ ಅಂತಲೇ ಲೆಕ್ಕ ಮಾಡುತ್ತೇವೆ. ಉತ್ತರವೂ ಸರಿ ಬರುತ್ತದೆ.

ಹಳೇ ಮೇಷ್ಟ್ರು · ಮಂಗಳವಾರ ರಾತ್ರಿ

ಲೆಕ್ಕ ಸರಿ ಬರುತ್ತದೆ ತಮ್ಮಾ, ಅದನ್ನು ಬಳಸಬಹುದು. ಆದರೆ ಒಂದು ಪರೀಕ್ಷೆ ಮಾಡಿ ನೋಡು. ಕನ್ನಡ ವ್ಯಾಕರಣದ ಪರೀಕ್ಷೆ. ಯಾವ ಬಲವನ್ನಾದರೂ ಕರ್ತೃ, ಕರ್ಮ, ಕ್ರಿಯಾಪದ ಇರುವ ಪೂರ್ತಿ ವಾಕ್ಯದಲ್ಲಿ ಹೇಳು. "ಭೂಮಿ ಕಲ್ಲನ್ನು ಎಳೆಯುತ್ತದೆ." ಸರಿ. "ಹಗ್ಗ ಸರಳನ್ನು ತಡೆಯುತ್ತದೆ." ಸರಿ. ಈಗ ಬ್ರೇಕ್ ಹೊಡೆದ ಬಸ್ಸಿನಲ್ಲಿ "... ನನ್ನನ್ನು ಮುಂದಕ್ಕೆ ತಳ್ಳಿತು." ಖಾಲಿ ಜಾಗಕ್ಕೆ ಯಾರನ್ನು ಹಾಕುತ್ತೀಯ? ಕರ್ತೃವೇ ಇಲ್ಲ. ಕರ್ತೃ ಇಲ್ಲದ ಬಲ ಬಸ್ಸಿನೊಳಗಿನ ಲೆಕ್ಕದ ಅನುಕೂಲಕ್ಕೆ ಬರೆದುಕೊಂಡದ್ದು. ರಸ್ತೆ ಪಕ್ಕದಲ್ಲಿ ನಿಂತವನಿಗೆ ಅದು ಬೇಕಾಗುವುದೇ ಇಲ್ಲ.

ಒಂಬತ್ತನೇ ಕ್ಲಾಸಿಗೆ ಅದು ಬೇಡ. ಮೊದಲು ಕರ್ತೃ ಹುಡುಕುವುದು ಅಭ್ಯಾಸ ಆಗಲಿ.

ಇದೇ ವ್ಯಾಕರಣದಿಂದ ಮೇಜು ಪುಸ್ತಕದ ಗೊಂದಲವೂ ಬಗೆಹರಿಯುತ್ತದೆ. ನ್ಯೂಟನ್ನನ ಮೂರನೇ ನಿಯಮ ಅಂದರೆ ಪ್ರತಿ ಕ್ರಿಯೆಗೂ ಅಷ್ಟೇ ಬಲದ, ಎದುರು ದಿಕ್ಕಿನ ಪ್ರತಿಕ್ರಿಯೆ ಇದೆ ಅನ್ನುವುದು. ಮೂರನೇ ನಿಯಮದ ಜೋಡಿ ಬೇಕೆಂದರೆ ಕರ್ತೃ ಮತ್ತು ಕರ್ಮವನ್ನು ಅದಲು ಬದಲು ಮಾಡಬೇಕು. ಕ್ರಿಯಾಪದ ಬದಲಾಗಬಾರದು. "ಭೂಮಿ ಪುಸ್ತಕವನ್ನು ಎಳೆಯುತ್ತದೆ." ಇದರ ಜೋಡಿ "ಪುಸ್ತಕ ಭೂಮಿಯನ್ನು ಎಳೆಯುತ್ತದೆ." "ಮೇಜು ಪುಸ್ತಕವನ್ನು ಒತ್ತುತ್ತದೆ." ಇದರ ಜೋಡಿ "ಪುಸ್ತಕ ಮೇಜನ್ನು ಒತ್ತುತ್ತದೆ." ತೂಕದ ವಾಕ್ಯದಲ್ಲಿ ಮೇಜು ಬರುವುದೇ ಇಲ್ಲ. ಹಾಗಾಗಿ ತೂಕಕ್ಕೂ ಮೇಜಿನ ಒತ್ತಿಗೂ ಕ್ರಿಯೆ ಪ್ರತಿಕ್ರಿಯೆಯ ಸಂಬಂಧ ಇಲ್ಲ. ಅಣ್ಣ ಹೇಳಿದ್ದು ಸರಿ.

ಹಾಗಾದರೆ ಅವೆರಡೂ ಸಮ ಯಾಕೆ? ಪುಸ್ತಕ ಸಮತೋಲನದಲ್ಲಿದೆ, ಅದಕ್ಕೆ. ಅದು ಮೊದಲ ನಿಯಮದ ಮಾತು. ನಾನೂ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ತಪ್ಪಾಗಿಯೇ ಕಲಿಸಿದ್ದೆ. ಆ ಮಕ್ಕಳು ಈಗ ಎಲ್ಲಿದ್ದಾರೋ, ಅವರಿಗೆ ಸರಿಪಡಿಸಿ ಹೇಳಬೇಕೆಂಬ ಆಸೆ ಇವತ್ತಿಗೂ ಇದೆ. ಮಗಳ ಟೀಚರಿಗೆ ಇದನ್ನು ಪ್ರೀತಿಯಿಂದ ಕೇಳಿ. ಖಂಡಿತ ಒಪ್ಪುತ್ತಾರೆ.

ಸಾಗರದವನು · ಬುಧವಾರ ಬೆಳಿಗ್ಗೆ

ಮೇಷ್ಟ್ರೇ, ಈ ಕರ್ತೃ ಕರ್ಮದ ಮಾತು ನನಗೂ ತಲೆಗೆ ಹೋಯಿತು! ಮಗಳು ಬೆಳಿಗ್ಗೆಯಿಂದ ಮನೆಯ ಎಲ್ಲದಕ್ಕೂ ವಾಕ್ಯ ಮಾಡುತ್ತಿದ್ದಾಳೆ. ಆದರೆ ಅವಳಿಗೆ ಕಣ್ಣಾರೆ ನೋಡಬೇಕಂತೆ. ತೂಕ ಮತ್ತು ಮೇಜಿನ ಒತ್ತು ಬೇರೆ ಬೇರೆ ಆಗುವುದನ್ನು ತೋರಿಸುವ ಪ್ರಯೋಗ ಇದೆಯಾ?

ಹಳೇ ಮೇಷ್ಟ್ರು · ಬುಧವಾರ ಬೆಳಿಗ್ಗೆ

ಇದೆ. ಲಿಫ್ಟ್ ಇರುವ ಕಟ್ಟಡ ಸಿಕ್ಕರೆ, ಮುಳ್ಳು ಇರುವ ತೂಕದ ಮಷಿನ್ ತೆಗೆದುಕೊಂಡು ಹೋಗಿ. ಅಂಕಿ ತೋರಿಸುವ ಡಿಜಿಟಲ್ ಬೇಡ, ಅದು ಒಂದು ಅಂಕಿ ಹಿಡಿದು ನಿಲ್ಲಿಸಿಬಿಡುತ್ತದೆ. ಮಗಳು ಅದರ ಮೇಲೆ ನಿಲ್ಲಲಿ. ಹೊರಡುವಾಗ, ನಡುವೆ, ನಿಲ್ಲುವಾಗ ಮುಳ್ಳು ಎಲ್ಲಿದೆ ಬರೆದುಕೊಳ್ಳಲಿ.

ಮದ್ದೂರಿನ ರೈತ · ಬುಧವಾರ ಮಧ್ಯಾಹ್ನ

ನಮ್ಮೂರ ತೇರಿನ ಬಗ್ಗೆ ಒಂದು ಮಾತು. ಮೊದಲು ಅಲ್ಲಾಡಿಸುವುದಕ್ಕೆ ಊರೆಲ್ಲ ಸೇರಿ ಎಳೆಯಬೇಕು. ಹೊರಟ ಮೇಲೆ ಅಷ್ಟು ಜನ ಬೇಡ. ಹೊರಟ ಮೇಲೆ ಜಡತ್ವ ಕಡಿಮೆ ಆಗುತ್ತದೆ ಅಂತ ನಾನು ಅಂದುಕೊಂಡಿದ್ದೇನೆ, ಸರಿನಾ?

ಕಟ್ಟಡ ಕೆಲಸ · ಬುಧವಾರ ಸಂಜೆ

ಜಡತ್ವ ಕಡಿಮೆ ಆಗುವುದಿಲ್ಲ ಅಣ್ಣಾ. ಜಡತ್ವದ ಅಳತೆಯೇ ರಾಶಿ, ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ತೇರಿನ ಮರ ಅಷ್ಟೇ ಇದೆಯಲ್ಲ. ಹೊರಡುವ ಮುಂಚೆ ಚಕ್ರ ನೆಲದಲ್ಲಿ ಸ್ವಲ್ಪ ಹುದುಗಿ ಕೂತಿರುತ್ತದೆ, ಅಚ್ಚಿನಲ್ಲಿ ನಿಂತ ಘರ್ಷಣೆ ಇರುತ್ತದೆ. ನಿಂತ ಘರ್ಷಣೆ ಚಲಿಸುವಾಗಿನ ಘರ್ಷಣೆಗಿಂತ ಜಾಸ್ತಿ. ಅದನ್ನು ಗೆಲ್ಲಬೇಕು, ಜೊತೆಗೆ ವೇಗವನ್ನೂ ಕೊಡಬೇಕು. ಹೊರಟು ಒಂದೇ ವೇಗಕ್ಕೆ ಬಂದ ಮೇಲೆ ಘರ್ಷಣೆಯನ್ನು ಸರಿದೂಗಿಸಿದರೆ ಸಾಕು. ಜಡತ್ವ ಅಷ್ಟೇ ಉಳಿದಿದೆ ಅನ್ನುವುದಕ್ಕೆ ಸಾಕ್ಷಿ ತೇರನ್ನು ನಿಲ್ಲಿಸುವಾಗ ಸಿಗುತ್ತದೆ. ಚಕ್ರಕ್ಕೆ ಮರದ ತುಂಡು ಕೊಡುವವರು ಎಷ್ಟು ಜೀವ ಹಿಡಿದು ಮಾಡುತ್ತಾರೆ ನೋಡಿದ್ದೀರಲ್ಲ. ಹಗ್ಗ ಬಿಟ್ಟ ತಕ್ಷಣ ತೇರು ನಿಲ್ಲುವುದಿಲ್ಲ. ಅದಕ್ಕೇ ಚಕ್ರದ ಹತ್ತಿರ ಮಕ್ಕಳನ್ನು ಬಿಡಬಾರದು.

ಕೆನಡಾ ಕನ್ನಡಿಗ · ಬುಧವಾರ ರಾತ್ರಿ

ವಿನ್ನಿಪೆಗ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಕಟ್ಟುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಮೊದಲ ವರ್ಷ ನನಗೆ ಹಾಗಾಗಿ ಕೈಕಾಲು ನಡುಗಿತ್ತು. ತಿರುವಿನಲ್ಲಿ ಕಾರನ್ನು ತಿರುಗಿಸುವುದು ರಸ್ತೆಯ ಘರ್ಷಣೆ ಅಂತ ಶಾಲೆಯಲ್ಲಿ ಓದಿದ್ದು ಆವತ್ತು ಅರ್ಥ ಆಯಿತು.

ಪಿಯು ಹುಡುಗ · ಬುಧವಾರ ರಾತ್ರಿ

ಅದಕ್ಕೆ ಲೆಕ್ಕ ಮಾಡಿದೆ ಅಣ್ಣಾ. ಗಂಟೆಗೆ 60 ಕಿ.ಮೀ. ವೇಗ. ಒಣ ಡಾಂಬರಿನಲ್ಲಿ ಘರ್ಷಣಾಂಕ (ಟೈರು ರಸ್ತೆಯನ್ನು ಎಷ್ಟು ಹಿಡಿಯುತ್ತದೆ ಅನ್ನುವ ಅಂಕಿ) 0.7 ಇಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 20 ಮೀಟರ್. ಮಂಜುಗಡ್ಡೆಗೆ 0.1 ಇಟ್ಟುಕೊಂಡರೆ 140 ಮೀಟರ್ ದಾಟುತ್ತದೆ. ಇದರಲ್ಲಿ ಒಂದು ಆಶ್ಚರ್ಯ. ಸೂತ್ರದಲ್ಲಿ ರಾಶಿ ಹೊಡೆದುಹೋಗುತ್ತದೆ. ಖಾಲಿ ಲಾರಿಗೂ ತುಂಬಿದ ಲಾರಿಗೂ ಒಂದೇ ದೂರ!

ಲಾರಿ ಲೈನು · ಬುಧವಾರ ರಾತ್ರಿ

ತಮ್ಮಾ, ದಯವಿಟ್ಟು ಅದನ್ನು ನಂಬಿ ಯಾರೂ ಗಾಡಿ ಓಡಿಸಬಾರದು. 20 ಟನ್ ಲೋಡ್ ಇದ್ದಾಗ ನಿಲ್ಲಲು ಬೇಕಾಗುವ ದೂರ ನನಗೆ ಗೊತ್ತು.

ಹಳೇ ಮೇಷ್ಟ್ರು · ಬುಧವಾರ ರಾತ್ರಿ

ಇಬ್ಬರ ಮಾತಿನಲ್ಲೂ ಹುರುಳಿದೆ. ಟೈರು ತನ್ನ ಹಿಡಿತದ ಕೊನೆಯ ಅಂಚಿನ ತನಕ ರಸ್ತೆ ಹಿಡಿದರೆ ಮಾತ್ರ ಹುಡುಗನ ಸೂತ್ರ ನಡೆಯುತ್ತದೆ. ಲೋಡ್ ದುಪ್ಪಟ್ಟಾದರೆ ಟೈರಿನ ಹಿಡಿತವೂ ಹೆಚ್ಚುಕಡಿಮೆ ದುಪ್ಪಟ್ಟು, ಹಾಗಾಗಿ ರಾಶಿ ಹೊಡೆದುಹೋಗುತ್ತದೆ. ಆದರೆ ಅಷ್ಟು ಹಿಡಿತವನ್ನು ಬಳಸಿಕೊಳ್ಳಲು ಬ್ರೇಕಿಗೂ ಅಷ್ಟು ಶಕ್ತಿ ಬೇಕು. ತುಂಬಿದ ಲಾರಿಯಲ್ಲಿ ಬ್ರೇಕ್ ಕೊಡುವ ಬಲಕ್ಕೆ ಒಂದು ಮಿತಿ ಇದೆ. ಘಾಟಿ ಇಳಿಯುವಾಗ ಬ್ರೇಕ್ ಕಾಯ್ದು ಆ ಮಿತಿ ಇನ್ನೂ ಇಳಿಯುತ್ತದೆ. ಬಲ ಅಷ್ಟೇ, ರಾಶಿ ಜಾಸ್ತಿ, ಹಾಗಾಗಿ ದೂರ ಜಾಸ್ತಿ. ಸೂತ್ರ ಬರೆಯುವ ಮೊದಲು ಯಾವ ಬಲ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು ತಮ್ಮಾ. ಡ್ರೈವರ್ ಅಣ್ಣನ ಮಾತನ್ನು ಬರೆದಿಟ್ಟುಕೊ.

ಪಿಯು ಹುಡುಗ · ಗುರುವಾರ ಬೆಳಿಗ್ಗೆ

ಬರೆದಿಟ್ಟುಕೊಂಡೆ ಸರ್. ಥ್ಯಾಂಕ್ಸ್ ಅಣ್ಣಾ. ಕೊನೆಯದಾಗಿ ಒಂದು. ಸೂರ್ಯನನ್ನು ಅಧ್ಯಯನ ಮಾಡಲು ಇಸ್ರೋ ಕಳಿಸಿದ ಆದಿತ್ಯ ಎಲ್1 ನೌಕೆ ಇರುವ ಜಾಗದಲ್ಲಿ ಸೂರ್ಯ ಮತ್ತು ಭೂಮಿಯ ಎಳೆತ ಸಮ ಆಗುತ್ತದೆ, ಅದಕ್ಕೇ ಅದು ಅಲ್ಲೇ ಇರುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ಅದು ಸಮತೋಲನದ ಉದಾಹರಣೆ ಆಗುತ್ತದಾ?

ಹಳೇ ಮೇಷ್ಟ್ರು · ಗುರುವಾರ ಸಂಜೆ

ಒಳ್ಳೆಯ ಪ್ರಶ್ನೆ. ನೀನೇ ಲೆಕ್ಕ ಮಾಡಿ ನೋಡಬಹುದು. ಎಲ್1 ಅನ್ನುವ ಆ ಜಾಗ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ಅಲ್ಲಿ ಸೂರ್ಯನ ಎಳೆತ ಭೂಮಿಯ ಎಳೆತದ ಸುಮಾರು 34 ಪಟ್ಟು. ಸಮ ಎಲ್ಲಿ ಬಂತು? ಎರಡೂ ನಿಜವಾಗಿ ಸಮ ಆಗುವ ಜಾಗ ಭೂಮಿಯಿಂದ ಸುಮಾರು 2.6 ಲಕ್ಷ ಕಿ.ಮೀ.ನಲ್ಲೇ ಇದೆ, ಚಂದ್ರನಿಗಿಂತ ಈಚೆಗೆ.

ಎಲ್1ನಲ್ಲಿ ನಡೆಯುವುದು ಬೇರೆ. ಸೂರ್ಯನಿಗೆ ಹತ್ತಿರ ಇರುವ ವಸ್ತು ಭೂಮಿಗಿಂತ ಬೇಗ ಸುತ್ತು ಮುಗಿಸಬೇಕು. ಆದರೆ ಅಲ್ಲಿ ಭೂಮಿ ಹಿಂದಿನಿಂದ ಸ್ವಲ್ಪ ಎಳೆದು ಸೂರ್ಯನ ಎಳೆತವನ್ನು ಕಡಿಮೆ ಮಾಡುತ್ತದೆ. ಉಳಿದ ಎಳೆತ ಭೂಮಿಯ ಜೊತೆಗೇ ವರ್ಷಕ್ಕೆ ಒಂದು ಸುತ್ತು ಹಾಕಲು ಸರಿಯಾಗಿ ಸಾಕಾಗುತ್ತದೆ. ನೌಕೆ ದುಂಡಗೆ ತಿರುಗುತ್ತಿದೆ, ಅಂದರೆ ದಿಕ್ಕು ಬದಲಾಗುತ್ತಲೇ ಇದೆ. ಒಟ್ಟು ಬಲ ಸೊನ್ನೆ ಅಲ್ಲ. ಹೊರಗಿನಿಂದ ನೋಡಿದರೆ ಇದು ಸಮತೋಲನ ಅಲ್ಲ. ಭೂಮಿಯ ಜೊತೆ ತಿರುಗುತ್ತಾ ನೋಡುವವರಿಗೆ ನಿಂತ ಹಾಗೆ ಕಾಣುತ್ತದೆ, ಅವರು ನೀನು ಹೇಳಿದ ಹುಸಿ ಬಲವನ್ನು ಸೇರಿಸಿಕೊಂಡು ಸಮ ಮಾಡುತ್ತಾರೆ. ನಿನ್ನ ಪುಸ್ತಕದ ಆ ಪಾಠ ಇಲ್ಲಿ ಕೆಲಸಕ್ಕೆ ಬಂತು ನೋಡು.

ಸಾಗರದವನು · ಭಾನುವಾರ ರಾತ್ರಿ

ಎಲ್ಲರಿಗೂ ಸಿಹಿ ಸುದ್ದಿ. ವಾರಾಂತ್ಯಕ್ಕೆ ಬೆಂಗಳೂರಿನಲ್ಲಿ ನಾದಿನಿ ಮನೆಗೆ ಹೋಗಿದ್ದೆವು. ಒಂಬತ್ತನೇ ಮಹಡಿ. ಮುಳ್ಳಿನ ಮಷಿನ್ ಸಾಗರದಿಂದಲೇ ಚೀಲದಲ್ಲಿ ಹಾಕಿಕೊಂಡು ಹೋದೆವು.

ಮಗಳು ನಿಂತಾಗ 40 ಕೆ.ಜಿ. ಮೇಲಕ್ಕೆ ಹೊರಡುವಾಗ ಮುಳ್ಳು ಒಂದು ಕ್ಷಣ 43ಕ್ಕೆ ಹೋಯಿತು. ನಡುವೆ ಸರಿಯಾಗಿ 40. ನಿಲ್ಲುವ ಮುಂಚೆ 37. ಇಳಿಯುವಾಗ ಹೊರಟ ಕ್ಷಣ 37, ನಡುವೆ 40, ನಿಲ್ಲುವಾಗ 43. ಆರು ಸಲ ಹತ್ತಿ ಇಳಿದೆವು. ಪ್ರತಿ ಸಲ ಹಾಗೇ.

ಅವಳು ಕೂಗಿದ್ದು ನಡುವಿನ 40 ನೋಡಿ. "ಅಪ್ಪಾ, ಲಿಫ್ಟ್ ಹೋಗ್ತಾನೇ ಇದೆ, ಆದ್ರೂ ನಿಂತಾಗಿನ ಅಂಕಿಯೇ ಇದೆ!" ಆಮೇಲೆ ಕಣ್ಣು ಮುಚ್ಚಿ ನಿಂತಳು. ನಡುವೆ ಇರುವಾಗ ಹೋಗುತ್ತಿದೆಯೋ ನಿಂತಿದೆಯೋ ಹೇಳಲು ಆಗಲಿಲ್ಲ ಅವಳಿಗೆ. ಮೇಲಕ್ಕೋ ಕೆಳಕ್ಕೋ ಅಂತಲೂ ತಿಳಿಯಲಿಲ್ಲ. ನಾನೂ ಕಣ್ಣು ಮುಚ್ಚಿ ನೋಡಿದೆ, ನನಗೂ ತಿಳಿಯಲಿಲ್ಲ.

ಹಳೇ ಮೇಷ್ಟ್ರು · ಭಾನುವಾರ ರಾತ್ರಿ

ಓದಿ ನನ್ನ ಕಣ್ಣು ತುಂಬಿ ಬಂತು. ಮಗಳಿಗೆ ಹೇಳಿ: ಭೂಮಿ ಅವಳನ್ನು ಎಳೆಯುವುದು ಇಡೀ ಹೊತ್ತು ಒಂದೇ, 392 ನ್ಯೂಟನ್ (ನ್ಯೂಟನ್ ಬಲದ ಮಾನ). ಬದಲಾದದ್ದು ಮಷಿನ್ ಅವಳ ಕಾಲನ್ನು ಒತ್ತುವ ಬಲ. ಎರಡೂ ಮೂರನೇ ನಿಯಮದ ಜೋಡಿ ಆಗಿದ್ದರೆ ಒಂದು ಕ್ಷಣವೂ ಬೇರೆ ಆಗುತ್ತಿರಲಿಲ್ಲ. 43 ಮತ್ತು 40ರ ವ್ಯತ್ಯಾಸದಿಂದ ಲಿಫ್ಟಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 0.7 ಮೀಟರ್‌ನಷ್ಟು ಏರುತ್ತಿತ್ತು ಅಂತ ಲೆಕ್ಕ ಸಿಗುತ್ತದೆ. ಅವಳು ತೂಕದ ಮಷಿನ್ನಿನಿಂದ ಲಿಫ್ಟಿನ ವೇಗೋತ್ಕರ್ಷ ಅಳೆದಳು!

ಸಾಗರದವನು · ಸೋಮವಾರ ರಾತ್ರಿ

ಟೀಚರಿಗೆ ಪಟ್ಟಿ ತೋರಿಸಿದಳು. ಅವರು ಸಂತೋಷದಿಂದ ಒಪ್ಪಿ, ಅವಳಿಂದಲೇ ಬೋರ್ಡಿನ ಮೇಲೆ ಬರೆಸಿದರಂತೆ. ಮೇಜು, ಪುಸ್ತಕ, ಕೆಳಗೆ ದೊಡ್ಡದಾಗಿ ಭೂಮಿ, ಭೂಮಿಯಿಂದ ಮೇಲಕ್ಕೆ ಒಂದು ಬಾಣ. ಕ್ಲಾಸಿನ ಒಬ್ಬ ಹುಡುಗ ಕೇಳಿದನಂತೆ: ಪುಸ್ತಕ ಭೂಮಿಯನ್ನು ಅಷ್ಟೇ ಬಲದಿಂದ ಎಳೆದರೆ, ಪುಸ್ತಕ ಕೆಳಗೆ ಬೀಳುವಾಗ ಭೂಮಿ ಯಾಕೆ ಮೇಲೆ ಬರುವುದಿಲ್ಲ? ಇವಳಿಗೆ ಉತ್ತರ ಬೇಕಂತೆ, ನಾಳೆಗೇ.

ಹಳೇ ಮೇಷ್ಟ್ರು · ಸೋಮವಾರ ರಾತ್ರಿ

ಬರುತ್ತದೆ ಅಂತ ಹೇಳಲಿ. ಬಲ ಎರಡೂ ಕಡೆ ಸಮ, ಆದರೆ ರಾಶಿ ಸಮ ಅಲ್ಲ. ಭೂಮಿಯ ರಾಶಿ ಕೆ.ಜಿ. ಲೆಕ್ಕದಲ್ಲಿ 6ರ ಮುಂದೆ 24 ಸೊನ್ನೆ. ಒಂದು ಕೆ.ಜಿ. ಪುಸ್ತಕ ಒಂದು ಮೀಟರ್ ಬಿದ್ದರೆ ಭೂಮಿ ಮೇಲಕ್ಕೆ ಬರುವ ದೂರ ಒಂದು ಪ್ರೋಟಾನಿನ ಗಾತ್ರದ ನೂರು ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಅಳೆಯಲು ಆಗುವುದಿಲ್ಲ, ಆದರೆ ಬರುತ್ತದೆ. ಆ ಹುಡುಗನ ಕೈಯಲ್ಲೇ ಪುಸ್ತಕ ಕೊಟ್ಟು ಬೀಳಿಸಲು ಹೇಳಿ, ಆಮೇಲೆ ಈ ಲೆಕ್ಕ ಬೋರ್ಡಿನ ಮೇಲೆ ಮಾಡಲಿ.